ಕಂಬದ ಮೂಗು

ಬೆಳಗಿನ ಹಾಲಿನ ಗಾಡಿ ಓಣಿಯ ತಿರುವಿನಲ್ಲಿ ಬ್ರೇಕು ಹಾಕಿತು. ಲೋಹಕ್ಕೆ ಲೋಹ ಉಜ್ಜಿ, ಕಣ್ಣಿಗೆ ಕಾಣದ ಒಂದಿಷ್ಟು ಪುಡಿ ಗಾಳಿಗೆ ಹಾರಿತು. ಅದರ ಒಂದು ಕಣ ಬೇವಿನ ಮರದ ಪಕ್ಕದ ಕಂಬದತ್ತ ತೇಲಿತು. ಒಂದು ತಲೆಗೂದಲಿನ ದಪ್ಪದಲ್ಲಿ ಇಂಥ ಮೂವತ್ತನ್ನು ಸಾಲಾಗಿ ನಿಲ್ಲಿಸಬಹುದು, ಅಷ್ಟು ಸಣ್ಣದು. ಕಂಬದ ನೆತ್ತಿಯ ಸೂಜಿಬಾಯಿ ಅದನ್ನು ಒಳಗೆಳೆದುಕೊಂಡಿತು. ಒಳಗೆ ಲೇಸರ್ ಕಿರಣ ಬಡಿದು ಕಣ ಚೂರುಚೂರಾಯಿತು. ವಿದ್ಯುತ್ತು ತುಂಬಿಕೊಂಡ ಆ ಚೂರುಗಳು ಗಾಳಿಯೇ ಇಲ್ಲದ ಕೊಳವೆಯಲ್ಲಿ ಓಡಿದವು. ಹಗುರಾದವು ಮೊದಲು ಗುರಿ ಮುಟ್ಟಿದವು, ಭಾರವಾದವು ಹಿಂದೆ ಬಿದ್ದವು. ಎಷ್ಟು ತಡವಾಗಿ ಬಂತು ಎನ್ನುವುದರಿಂದ ಅದರ ತೂಕ, ತೂಕದಿಂದ ಅದರ ಜಾತಕ. ಕಬ್ಬಿಣ, ತಾಮ್ರ, ಆಂಟಿಮನಿ. ಕಂಬದ ನಡುವಿನ ಫಲಕದಲ್ಲಿ ಅಕ್ಷರ ಮೂಡಿತು: "ಬ್ರೇಕಿನ ಪುಡಿ. ಹಾಲಿನ ಗಾಡಿ."

ಗಾಡಿಯವನು ಫಲಕ ನೋಡಿ ನಾಲಿಗೆ ಕಚ್ಚಿಕೊಂಡು, ಮೆಲ್ಲಗೆ ಮುಂದೆ ಹೋದ.

ಆ ಹೊತ್ತಿಗೆ ದಾವಣಗೆರೆಯಲ್ಲಿ ಓಣಿಗೊಂದು ಇಂಥ ಕಂಬವಿತ್ತು. ಕಾಗದಪತ್ರದಲ್ಲಿ ಅದರ ಹೆಸರು ಕಣಮೂಲ ಶೋಧಕ. ಅಷ್ಟುದ್ದ ಹೆಸರು ಹೇಳುವ ಪುರುಸೊತ್ತು ಯಾರಿಗಿದೆ? ಊರಿನವರು ಅದನ್ನು 'ಮೂಗು' ಎಂದರು. ಮೂಗು ಬಂದ ಹೊಸತರಲ್ಲಿ ಎಲ್ಲರೂ ಮೂಗಿನ ಮೇಲೆ ಬೆರಳಿಟ್ಟರು; ಅದು ತಮ್ಮ ಮನೆಯ ವಿಷಯಕ್ಕೂ ಮೂಗು ತೂರಿಸುತ್ತದೆ ಎಂದು ಗೊತ್ತಾದ ಮೇಲೆ ಮೂಗು ಮುರಿದರು.

ಗಾಳಿಯಲ್ಲಿ ಧೂಳು ಎಷ್ಟಿದೆ ಎಂದು ಹೇಳುವ ಯಂತ್ರಗಳು ಅದಕ್ಕೂ ಮೊದಲೇ ಇದ್ದವು. ಎಷ್ಟು ಎಂದು ತಿಳಿದು ಮಾಡುವುದೇನು? ಯಾರದು ಎಂದು ಕೇಳಿದರೆ ಬಸ್ಸಿನವರು ಮಂಡಕ್ಕಿ ಭಟ್ಟಿಯವರತ್ತ ಕೈ ತೋರಿಸುತ್ತಿದ್ದರು, ಭಟ್ಟಿಯವರು ರಸ್ತೆ ಕೆಲಸದವರತ್ತ, ಅವರು ಕಸ ಸುಡುವವರತ್ತ. ಎಲ್ಲರ ಧೂಳೂ ಸೇರಿ ಯಾರದೂ ಅಲ್ಲದ ಧೂಳಾಗಿ ಎಲ್ಲರ ಎದೆಗೂ ಇಳಿಯುತ್ತಿತ್ತು. ಮೂಗು ಆ ಆಟ ಮುಗಿಸಿತು. ಭತ್ತದ ಹೊಟ್ಟಿನ ಹೊಗೆಯಲ್ಲಿ ಪೊಟ್ಯಾಸಿಯಂ ಮತ್ತು ಮರಳಿನ ಅಂಶ, ಟೈರಿನ ಹೊಗೆಯಲ್ಲಿ ಸತು, ಕಾದೆಣ್ಣೆಯಲ್ಲಿ ಜಿಡ್ಡಿನ ಆಮ್ಲ, ಹೀಗೆ ಪ್ರತಿಯೊಂದಕ್ಕೂ ಒಂದು ಕುರುಹು. ಕಂಬಗಳು ಗಾಳಿಯ ದಿಕ್ಕು, ವೇಗ ನೋಡಿಕೊಂಡು ತಮ್ಮತಮ್ಮಲ್ಲೇ ಮಾತಾಡಿಕೊಂಡು ಕಣ ಯಾವ ಬಾಗಿಲಿನಿಂದ ಹೊರಟಿತು ಎಂಬುದನ್ನೂ ಹೇಳುತ್ತಿದ್ದವು. ಫಲಕದಲ್ಲಿ ಹೆಸರು ಬಂದ ಮೇಲೆ ನಾಚಿಕೆಯೇ ಅರ್ಧ ಕೆಲಸ ಮಾಡಿತು, ಉಳಿದರ್ಧವನ್ನು ಕಾನೂನು ಮಾಡಿತು. ಕೆಲವೇ ವರ್ಷಗಳಲ್ಲಿ ಆಸ್ಪತ್ರೆಗಳಲ್ಲಿ ಮಕ್ಕಳ ಉಬ್ಬಸದ ವಾರ್ಡು ಖಾಲಿಯಾಯಿತು. ಇದು ಸಣ್ಣ ಮಾತಲ್ಲ.

ಇದನ್ನು ಮಾಡಿದವಳು ಡಾ. ಸಿಂಚನಾ. ಅವಳು ಕಾಲೇಜಿನಲ್ಲಿದ್ದಾಗ ಅವಳ ತಾಯಿ ಕೆಮ್ಮಿ ಕೆಮ್ಮಿ ಸತ್ತರು. ಡಾಕ್ಟರು "ಗಾಳಿ ಸರಿ ಇಲ್ಲಮ್ಮ, ಏನ್ ಮಾಡೋದು" ಎಂದು ಕೈಚೆಲ್ಲಿದರು. ಕೊಂದದ್ದು ಯಾವುದು ಎಂದು ಹೆಸರು ಹಿಡಿದು ಹೇಳುವವರು ಯಾರೂ ಇರಲಿಲ್ಲ. ಆ ಸಿಟ್ಟನ್ನು ಅವಳು ಆರಲು ಬಿಡಲಿಲ್ಲ. ನಲವತ್ತು ದಾಟುವ ಹೊತ್ತಿಗೆ ಮೂಗು ಸಿದ್ಧವಾಗಿತ್ತು. ಮದುವೆ, ಸ್ನೇಹ, ಹಬ್ಬ ಎಲ್ಲವೂ ಅದರ ಬದಿಯಲ್ಲಿ ಹಾದು ಹೋಗಿದ್ದವು.

ಊರು ಅವಳನ್ನು ಹೊಗಳಿತು, ಸನ್ಮಾನ ಮಾಡಿತು, ಸರ್ಕಲ್ಲಿನಲ್ಲಿ ಅವಳ ಚಿತ್ರ ಹಾಕಿತು. ಆದರೆ ಯಾರೂ ಮನೆಗೆ ಕರೆಯಲಿಲ್ಲ. ಅವಳು ಹಾದು ಹೋಗುವಾಗ ಒಲೆಗಳು ಆರುತ್ತಿದ್ದವು, ಕಿಟಕಿಗಳು ಮುಚ್ಚಿಕೊಳ್ಳುತ್ತಿದ್ದವು. ಬಯಲು ಬೆಂಕಿಗೆ ನಿಷೇಧ ಬರುವ ಮೊದಲು ಒಮ್ಮೆ ಜೊತೆಗೆ ಕೆಲಸ ಮಾಡುವವರೊಬ್ಬರು ಗೃಹಪ್ರವೇಶಕ್ಕೆ ಕರೆದು, ಹಿಂದಿನ ದಿನ ಫೋನು ಮಾಡಿ, "ಮೇಡಂ, ಹೋಮ ಎಲ್ಲಾ ಮುಗಿದ್ ಮೇಲೆ ಬಂದ್ರೆ ನಿಮಗೂ ಅನುಕೂಲ" ಎಂದರು. ಅವಳು ಹೋದಾಗ ಹೋಮಕುಂಡಕ್ಕೆ ನೀರು ಹಾಕಿ ಆರಿಸಿದ್ದರು. ಒದ್ದೆ ಬೂದಿಯ ವಾಸನೆಯಲ್ಲಿ ಮನೆಮಂದಿಯೆಲ್ಲ ತಪ್ಪಿತಸ್ಥರಂತೆ ನಿಂತಿದ್ದರು. ಒಂದು ಲೋಟ ಪಾನಕ ಕುಡಿದು ಬಂದುಬಿಟ್ಟಳು. ಆಮೇಲೆ ಎಲ್ಲಿಗೂ ಹೋಗಲಿಲ್ಲ.

ಅವಳು ಬಾಡಿಗೆಗಿದ್ದದ್ದು ಹಳೇ ಊರಿನ ಒಂದು ಓಣಿಯ ಮಹಡಿ ಮನೆಯಲ್ಲಿ. ಕಂಬಗಳ ಲೆಕ್ಕದಿಂದ ಮೂಡುವ ಊರಿನ ನಕ್ಷೆಯಲ್ಲಿ ಸಂಜೆಯಾದರೆ ಮನೆಮನೆಯ ಒಗ್ಗರಣೆ ಸಣ್ಣ ಹಳದಿ ಚುಕ್ಕೆಗಳಾಗಿ ಹೊತ್ತಿಕೊಳ್ಳುತ್ತಿತ್ತು. ಅವಳ ಮನೆಯ ಜಾಗ ಮಾತ್ರ ಖಾಲಿ. ಡಬ್ಬಿಯಲ್ಲಿ ಬರುವ ತಣ್ಣನೆಯ ಊಟ ತಿನ್ನುವವಳ ಮನೆಯಿಂದ ಏನು ಕಣ ಹಾರೀತು? ಊರಿಗೇ ಅತಿ ಶುದ್ಧವಾದ ಮನೆ ತನ್ನದು ಎಂದು ಅವಳು ಒಂದು ಕಾಲದಲ್ಲಿ ಹೆಮ್ಮೆಪಟ್ಟಿದ್ದಳು. ಈಗ ಆ ಖಾಲಿ ಜಾಗ ನೋಡಲು ಅವಳಿಗೆ ಹೆದರಿಕೆಯಾಗುತ್ತಿತ್ತು.

ದಿನಕ್ಕೆ ಒಂದೇ ಒಂದು ಮಾತು ಅವಳ ಪಾಲಿಗೆ ಉಳಿದಿತ್ತು. ಎದುರು ಮನೆಯ ಹಾಲಮ್ಮ ಸಂಜೆ ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ಎಂಬತ್ತರ ಹತ್ತಿರದ ಮುದುಕಿ. ಹರೆಯದಲ್ಲಿ ಮಂಡಕ್ಕಿ ಭಟ್ಟಿಯಲ್ಲಿ ದುಡಿದವಳು, ಹಿಂದೆ ಮುಂದೆ ಯಾರೂ ಇಲ್ಲದವಳು. ಸಿಂಚನಾ ಚಪ್ಪಲಿ ಎಳೆಯುತ್ತಾ ಬಂದರೆ ಕೇಳುತ್ತಿದ್ದಳು:

"ಊಟ ಆತಾ, ಡಾಕ್ಟ್ರವ್ವ?"

"ಆಯ್ತು ಅಜ್ಜಿ."

ಅಷ್ಟೇ. ಆಗಿರುತ್ತಿರಲಿಲ್ಲ. ಆದರೂ "ಆಯ್ತು" ಅನ್ನುವುದು ರೂಢಿ. ಮೆಟ್ಟಿಲು ಹತ್ತುವಾಗ ಆ ಪ್ರಶ್ನೆ ಬೆನ್ನಿಗೆ ಬೆಚ್ಚಗೆ ಅಂಟಿಕೊಂಡಿರುತ್ತಿತ್ತು. ಅದಿಲ್ಲದಿದ್ದರೆ ತನ್ನ ದನಿ ತನಗೇ ಮರೆತುಹೋಗುತ್ತಿತ್ತು ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿತ್ತು. ಒಂದು ಸಂಜೆ ಹಾಲಮ್ಮ ಈ ಮಹಡಿ ಮನೆಯ ಮೆಟ್ಟಿಲ ಬುಡದಲ್ಲೇ ಬಗ್ಗಿ ಕೂತಿದ್ದನ್ನು ಕಂಡು ಸಿಂಚನಾ ಏನಜ್ಜಿ ಎಂದು ಕೇಳಿದರೆ, "ಏನಿಲ್ಲವ್ವ, ಇರಿವಿ ನೋಡ್ತಿದ್ದೆ" ಎಂದು ಮುಷ್ಟಿ ಮುಚ್ಚಿಕೊಂಡು ಎದ್ದಿದ್ದಳು. ವಯಸ್ಸಾದವರ ಚಟ ಎಂದುಕೊಂಡು ಸಿಂಚನಾ ಮರೆತಿದ್ದಳು.

ಊರಿನ ಧೂಳೆಲ್ಲ ಹೆಸರು ಪಡೆದ ಮೇಲೂ ಒಂದು ಚೂರು ಉಳಿದಿತ್ತು. ಫಲಕದಲ್ಲಿ ಅದಕ್ಕೆ 'ಇತರೆ' ಎಂದು ಬರುತ್ತಿತ್ತು. ಯಾವ ಖಾನೆಗೂ ಹೊಂದದವರಿಗೆ ನಮ್ಮಲ್ಲಿ ಮೊದಲಿನಿಂದಲೂ ಇರುವ ಖಾನೆಯೇ ಅದು. ಸೋಜಿಗವೆಂದರೆ ಈ ಇತರೆ ಬರುತ್ತಿದ್ದದ್ದು ಸಿಂಚನಾಳ ಓಣಿಯಿಂದಲೇ. ಅದೂ ಅಮಾವಾಸ್ಯೆಯ ಸಂಜೆ ಮಾತ್ರ, ಕಣ್ಣು ಮಿಟುಕಿಸುವಷ್ಟು ಹೊತ್ತು. ಒಂದೊಂದು ಅಮಾವಾಸ್ಯೆಗೂ ಹೆಚ್ಚುತ್ತಿತ್ತು ಬೇರೆ.

ವಾಯುಪಾಲನಾ ಕಚೇರಿಯ ಅಧಿಕಾರಿ ಧನುಷ್ ಇದರಿಂದ ಚಡಪಡಿಸುತ್ತಿದ್ದ. "ಮೇಡಂ, ಇದೊಂದು ಕಳೆದ್ರೆ ಸಂಪೂರ್ಣ ಪತ್ತೆ ಆದ ಮೊದಲನೇ ಊರು ನಮ್ದು. ಸಮಾರಂಭಕ್ಕೆ ಶಾಮಿಯಾನ ಹೇಳಿ ಆಗೈತೆ. ನಿಮ್ಮ ಓಣಿಲೇ ಉಳಿದ್ರೆ ಜನ ಏನಂತಾರೆ?"

"ಚೂರೇ ಚೂರು ಸಿಗತ್ತೆ ಧನುಷ್, ಪೂರ್ತಿ ಕುರುಹು ಸಿಗಲ್ಲ. ಅದರ ಜೊತೆ ಸ್ಫಟಿಕದ ಪುಡಿ ಬೇರೆ ಬರ್ತಿದೆ. ಅದು ನಮ್ಮ ಲ್ಯಾಬಿನದು. ಯಂತ್ರದ ಒಳಗೇ ಕೊಳೆ ಸೇರಿರಬೇಕು."

ಅವಳ ಪ್ರಯೋಗಾಲಯದಲ್ಲಿ ಗಾಳಿ ಸೋಸುವ ಕಾಗದವನ್ನು ಸ್ಫಟಿಕದ ನೂಲಿನಿಂದ ಮಾಡುತ್ತಿದ್ದರು. ಅದರ ಬಿಳಿ ಪುಡಿ ಅಲ್ಲಿ ನೆಲದ ತುಂಬಾ. ಅಷ್ಟು ಶುದ್ಧ ಸ್ಫಟಿಕ ಊರಿನಲ್ಲಿ ಬೇರೆಲ್ಲೂ ಸಿಗುವಂತಿರಲಿಲ್ಲ. ಅವಳು ಓಣಿಯ ಕಂಬವನ್ನು ಬಿಚ್ಚಿ ತೊಳೆದಳು, ಮತ್ತೆ ತೊಳೆದಳು. ಸ್ಫಟಿಕ ಹೋಗಲಿಲ್ಲ. ಕೊನೆಗೆ ಸುತ್ತಲಿನ ಕಂಬಗಳ ಸೂಕ್ಷ್ಮತೆಯನ್ನು ಹೆಚ್ಚಿಸಿ, ಮುಂದಿನ ಅಮಾವಾಸ್ಯೆಗೆ ಕಾದಳು.

ಅಂದು ಸಂಜೆ ಅವಳು ಪ್ರಯೋಗಾಲಯದಲ್ಲಿ ಪರದೆಯ ಮುಂದೆ ಕೂತಿದ್ದಳು. ದೀಪ ಹಚ್ಚುವ ಹೊತ್ತಿಗೆ ಓಣಿಯ ಕಂಬವೂ ಸುತ್ತಲಿನ ಕಂಬಗಳೂ ಒಟ್ಟಿಗೇ ಎಚ್ಚೆತ್ತವು. ಕುರುಹು ಈ ಸಲ ಪೂರ್ತಿ ಮೂಡಿತು: ಒಣ ಮೆಣಸಿನಕಾಯಿಯ ಖಾರದ ಅಂಶ, ಉಪ್ಪು, ತೆಂಗಿನ ಕರಟದ ಕೆಂಡ, ಮಣ್ಣು, ಅದೇ ಸ್ಫಟಿಕ. ಎಣ್ಣೆ ಇಲ್ಲ, ಅಂದರೆ ಅಡುಗೆಯಲ್ಲ. ಫಲಕ ತನ್ನಷ್ಟಕ್ಕೇ ಬರೆಯಿತು: "ಬಯಲು ಬೆಂಕಿ. ಮೆಣಸಿನಕಾಯಿ. ಹಾಲಮ್ಮ." ಬಯಲು ಬೆಂಕಿ ನಿಷಿದ್ಧವಾಗಿ ಬಹಳ ಕಾಲವಾಗಿತ್ತು. ಬಾಗಿಲು ಗೊತ್ತಾದ ಕ್ಷಣವೇ ನೋಟಿಸು ಹೋಗುವುದು ನಿಯಮ. ಅದಕ್ಕೆ ಯಾರ ಸಹಿಯೂ ಬೇಕಿರಲಿಲ್ಲ. ಆ ನಿಯಮ ಬರೆದವಳು ಸಿಂಚನಾಳೇ. ಮನುಷ್ಯರ ಕೈಗೆ ಬಿಟ್ಟರೆ ದಾಕ್ಷಿಣ್ಯಕ್ಕೆ ಬೀಳುತ್ತಾರೆ ಎಂದು ಅವಳೇ ವಾದಿಸಿದ್ದಳು.

ಆಟೋ ಹಿಡಿದು ಅವಳು ಓಣಿಗೆ ಬರುವಷ್ಟರಲ್ಲಿ ಜನ ಸೇರಿದ್ದರು. ಧನುಷನ ಕಡೆಯವರು ಹಾಲಮ್ಮನ ಮಣ್ಣಿನ ಬೋಗುಣಿಯನ್ನು ನೀರಿನಲ್ಲಿ ಮುಳುಗಿಸಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು.

"ದೃಷ್ಟಿ ತೆಗೀತಿದ್ಲಂತೆ ಮೇಡಂ!" ಧನುಷ್ ನಗು ತಡೆಯುತ್ತಾ ಹೇಳಿದ. "ಬೊಗಸೆ ತುಂಬಾ ಮೆಣಸಿನಕಾಯಿ! ಹುಡುಗೀರಿಗೆ, ಕೂಸಿಗೆ ತೆಗೀತಾರೆ ಅಂತ ನಮ್ಮಜ್ಜಿ ಹೇಳ್ತಿದ್ಲು. ಈಕೀಗೆ ಯಾರದಾರೆ? ಯಾರಿಗ್ ತೆಗೀತಿದ್ದಿ ಅಂದ್ರೆ ಬಾಯೇ ಬಿಡವಲ್ಲಳು."

ಹಾಲಮ್ಮ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತಿದ್ದಳು. ಸಿಂಚನಾಳನ್ನು ನೋಡಿ ಸೆರಗನ್ನು ಎಳೆದುಕೊಂಡು ಒಳಗೆ ಹೋದಳು. ಊಟ ಆತಾ ಎಂದು ಕೇಳಲಿಲ್ಲ.

ಸಮಾರಂಭ ನಡೆಯಿತು. ಇತರೆ ಎನ್ನುವ ಖಾನೆಯ ಎದುರು ಸೊನ್ನೆ ಮೂಡಿದಾಗ ಜನ ಚಪ್ಪಾಳೆ ತಟ್ಟಿದರು. ಸಿಂಚನಾ ಶಾಲು ಹೊದೆಸಿಕೊಂಡು, ಹಾರ ಹಾಕಿಸಿಕೊಂಡು, ಎಲ್ಲರ ಜೊತೆ ನಿಂತು ಫೋಟೋ ತೆಗೆಸಿಕೊಂಡಳು. ಓಣಿಗೆ ಮರಳಿದಾಗ ಎದುರಿನ ಕಟ್ಟೆ ಖಾಲಿ. ಮರುದಿನವೂ ಖಾಲಿ. ಬಾಗಿಲ ಸಂದಿಯಲ್ಲಿ ಬೆಳಕಿತ್ತು, ಆದರೆ ಅವಳ ಹೆಜ್ಜೆ ಸದ್ದಿಗೆ ಅದು ಆರುತ್ತಿತ್ತು. ಊರಿನ ಉಳಿದ ಒಲೆಗಳಂತೆ ಈಗ ಇದೂ. ಅವಳಿಗೆ ಅಳು ಬಂತು. ಒಂದು ಮುದುಕಿಯ ಎರಡು ಮಾತಿಗೆ ಇಷ್ಟು ಅಳಬೇಕೇ ಎಂದು ತನ್ನ ಮೇಲೇ ರೇಗಿತು. ಅಳು ನಿಲ್ಲಲಿಲ್ಲ.

ಕೆಲವು ದಿನ ಕಳೆದ ಮೇಲೆ ಪ್ರಯೋಗಾಲಯದಲ್ಲಿ ಆ ಸಂಜೆಯ ಕಣಗಳ ದಾಖಲೆಯನ್ನು ಮತ್ತೆ ತೆಗೆದು ನೋಡಿದಳು. ಸ್ಫಟಿಕ ಬಗೆಹರಿದಿರಲಿಲ್ಲ. ಅದು ಯಂತ್ರದ ಕೊಳೆಯಾಗಿದ್ದರೆ ಬಿಡಿಬಿಡಿಯಾಗಿ ಇರಬೇಕಿತ್ತು. ಇಲ್ಲಿ ಅದು ಮೆಣಸಿನಕಾಯಿಯ ಮಸಿಯೊಳಗೇ ಸೇರಿಕೊಂಡಿತ್ತು. ಎಂದರೆ ಬೆಂಕಿಗೆ ಬಿದ್ದಾಗಲೇ ಜೊತೆಗಿತ್ತು. ಹಾಲಮ್ಮ ಎಂದೂ ಕಾಲಿಡದ ಈ ಪ್ರಯೋಗಾಲಯದ ಪುಡಿ ಅವಳ ಬೋಗುಣಿಗೆ ಹೋದದ್ದು ಹೇಗೆ?

ಆ ಪ್ರಶ್ನೆಯನ್ನು ಹೊತ್ತುಕೊಂಡೇ ಮನೆಗೆ ಬಂದು, ಮೆಟ್ಟಿಲ ಬುಡದಲ್ಲಿ ಚಪ್ಪಲಿ ಬಿಟ್ಟಳು. ಮಣ್ಣಿನ ಮೇಲೆ ಬಿಳಿ ಪುಡಿಯ ಹೆಜ್ಜೆ ಮೂಡಿತ್ತು. ಅವಳು ಬಗ್ಗಿ ಆ ಪುಡಿಯನ್ನು ಬೆರಳಿಗೆ ಒತ್ತಿಕೊಂಡು ನೋಡಿದಳು.

ಹೆಜ್ಜೆ ಮಣ್ಣು. ಚಿಕ್ಕವಳಿದ್ದಾಗ ಅಮ್ಮ ಅವಳನ್ನು ಬಾಗಿಲಲ್ಲಿ ನಿಲ್ಲಿಸಿ, ಪಾದದಡಿಯ ಮಣ್ಣು ತೆಗೆದು, ಉಪ್ಪು ಮೆಣಸಿನಕಾಯಿ ಸೇರಿಸಿ, ಮುಖದ ಸುತ್ತ ಇಳಿ ತೆಗೆದು ಒಲೆಗೆ ಹಾಕುತ್ತಿದ್ದಳು. ಯಾರಿಗೆ ದೃಷ್ಟಿ ತೆಗೆಯುತ್ತಾರೋ ಅವರ ಹೆಜ್ಜೆಯ ಮಣ್ಣೇ ಬೇಕು. ಇರುವೆ ನೋಡುತ್ತಿದ್ದೆ ಎಂದು ಹಾಲಮ್ಮ ಮುಷ್ಟಿ ಮುಚ್ಚಿಕೊಂಡದ್ದು ನೆನಪಾಯಿತು. ಊರಿನ ಕಣಕಣಕ್ಕೂ ಮೂಲ ಹುಡುಕಿದವಳಿಗೆ, ಉಳಿದ ಆ ಒಂದು ಚೂರು ತನ್ನ ಹೆಸರಿನಲ್ಲೇ ಎದ್ದ ಹೊಗೆ ಎಂದು ತಿಳಿದಿರಲಿಲ್ಲ.

ಎದುರು ಮನೆಯ ಬಾಗಿಲು ತಟ್ಟಿದಳು. ಬಹಳ ಹೊತ್ತಿನ ಮೇಲೆ ಅದು ತೆರೆಯಿತು. ಒಳಗಿನಿಂದ ಹಾಲು ಸೀದ ವಾಸನೆ ಗಪ್ಪೆಂದು ಬಡಿಯಿತು.

"ಅಜ್ಜಿ, ಹಾಲು ಸೀದು ಹೋಗ್ತಿದೆ."

"ಅಯ್ಯ, ಹೌದಾ?" ಹಾಲಮ್ಮ ಗಡಿಬಿಡಿಯಿಂದ ಹೋಗಿ ವಿದ್ಯುತ್ ಒಲೆ ಆರಿಸಿದಳು. ಪಾತ್ರೆಯ ತಳ ಕರಿದಾಗಿತ್ತು.

"ವಾಸನೆ ಬರಲಿಲ್ವಾ?"

"ಈಗಿನ ಪದಾರ್ಥಕ್ಕೆ ವಾಸನಿ ಎಲ್ಲೈತೆ ಬಿಡವ್ವ. ಹಾಲಿಗಿಲ್ಲ, ತುಪ್ಪಕ್ಕಿಲ್ಲ, ಮಲ್ಲಿಗಿ ಹೂವಿಗೂ ಇಲ್ಲ. ನಮ್ಮ ಕಾಲಕ್ಕೇ ಮುಗೀತು ಅದೆಲ್ಲ." ಹೀಗೆಂದು ಪಾತ್ರೆ ಕೆಳಗಿಟ್ಟಳು.

ಸೂಕ್ಷ್ಮ ಕಣಗಳು ಮೂಗಿನ ಮೇಲ್ತುದಿಯಲ್ಲಿರುವ ವಾಸನೆಯ ನರಗಳನ್ನು ವರ್ಷಗಟ್ಟಲೆ ತಿಂದರೆ ಅವು ಸತ್ತೇ ಹೋಗುತ್ತವೆ, ಹೊಗೆಯ ಉರಿಯೂ ತಿಳಿಯದಷ್ಟು ಮೂಗು ಮಂಕಾಗುತ್ತದೆ. ಇದನ್ನು ಸಿಂಚನಾ ಎಷ್ಟೋ ಸಭೆಗಳಲ್ಲಿ ಚಿತ್ರ ತೋರಿಸಿ ವಿವರಿಸಿದ್ದಳು. ಆ ಚಿತ್ರ ತನ್ನ ಎದುರು ಮನೆಯಲ್ಲೇ ಕೂತಿದೆ ಎಂದು ನೋಡಿರಲಿಲ್ಲ.

"ಅಜ್ಜಿ, ಭಟ್ಟಿಲಿ ನೀವೇನ್ ಕೆಲಸ ಮಾಡ್ತಿದ್ರಿ?"

"ಒಲಿ ಬಾಯಿಗೆ ಹೊಟ್ಟು ತಳ್ಳೋದು. ಹೊಟ್ಟು ತೀರಿದ್ರೆ ಹಳೇ ಟೈರು. ಕಣ್ಣು ಮೂಗು ಎಲ್ಲಾ ಕರ್ರಗೆ. ಊರಿಗೆಲ್ಲಾ ಮಂಡಕ್ಕಿ ಬೇಕಲ್ಲವ್ವ!" ಹಾಲಮ್ಮ ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಬೋಗುಣಿ ಕೊಡಾಕೆ ಬಂದ್ಯಾ?" ಎಂದಳು.

"ಅದು ನನಗಾ ಅಜ್ಜಿ? ದೃಷ್ಟಿ ತೆಗೀತಿದ್ದಿದ್ದು ನನಗಾ?"

ಮುದುಕಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಮತ್ತಿನ್ಯಾರಿಗೆ? ಸರ್ಕಲ್ಲಿನಾಗೆ ಹಂಗೆ ದೊಡ್ಡದಾಗಿ ಫೋಟೋ ಹಾಕಿದ್ರೆ ಊರ ಕಣ್ಣು ಬೀಳದೆ ಇರ್ತೈತಾ? ದಿನಾ ಒಬ್ಬಾಕೀನೇ ಬರ್ತಿ, ಒಬ್ಬಾಕೀನೇ ಹತ್ತಿ ಹೋಗ್ತಿ. ಮಾರಿ ನೋಡಿದ್ರೆ ಒಣಗಿದ ಬಾಳೆಕಾಯಿ. ನಿನಗೆ ಹೇಳಿದ್ರೆ ನೀನು ಓದ್ದಾಕಿ, ನಗ್ತಿ. ಅದಕ್ಕೆ ಹಿಂದಿಂದ ಮಾಡಿದೆ. ಆದ್ರೆ ಏನ್ ಮಾಡ್ತಿ, ಎಷ್ಟು ಹಾಕಿದ್ರೂ ಘಾಟೇ ಬರ್ಲಿಲ್ಲ. ದೃಷ್ಟಿ ಇದ್ರೆ ಘಾಟು ಬರಂಗಿಲ್ಲವ್ವ, ದೃಷ್ಟಿನೇ ತಿಂದ್ಬಿಡ್ತೈತಿ. ಮುಂದ್ಲ ಅಮಾಸಿಗೆ ಇನ್ನಷ್ಟು ಹಾಕ್ದೆ. ಆಗ್ಲೂ ಬರ್ಲಿಲ್ಲ. ಎಂಥಾ ಕೆಟ್ಟ ಕಣ್ಣಪಾ ಇದು ಅಂತ ಬೊಗಸೆ ತುಂಬಾ ಹಾಕ್ದೆ."

ಪ್ರತಿ ಅಮಾವಾಸ್ಯೆಗೂ ಏರುತ್ತಾ ಹೋದ ಗೆರೆ ಸಿಂಚನಾಳ ಕಣ್ಣ ಮುಂದೆ ಬಂತು. ಅದಕ್ಕೆ ಏನೆಲ್ಲ ಕಾರಣ ಹುಡುಕಿದ್ದಳು!

"ಘಾಟು ಬಂದಿತ್ತು ಅಜ್ಜಿ," ಎಂದಳು. "ಪ್ರತಿ ಸಲಾನೂ ಬಂದಿತ್ತು. ಕಂಬದ ಮೂಗಿಗೆ ಗೊತ್ತಾಗಿತ್ತು. ನಿಮಗೆ... ನಿಮಗೆ ಮಾತ್ರ ಗೊತ್ತಾಗಲಿಲ್ಲ."

ಹಾಲಮ್ಮ ಅವಳನ್ನೇ ನೋಡಿದಳು. ನೋಡುತ್ತಾ ನೋಡುತ್ತಾ ತನ್ನ ಮೂಗನ್ನು ಒಮ್ಮೆ ಮುಟ್ಟಿಕೊಂಡಳು. ಅರ್ಥವಾಯಿತೋ, ಅರ್ಥ ಮಾಡಿಕೊಳ್ಳುವುದು ಬೇಡವೆನ್ನಿಸಿತೋ. ಬೇರೆಯದೇ ಒಂದು ಮಾತು ಅವಳಿಗೆ ಮುಖ್ಯವಾಗಿತ್ತು.

"ಖರೇನೇ ಬಂದಿತ್ತಾ?"

"ಬಂದಿತ್ತು."

"ಹಂಗಾರೆ ನಿನಗೆ ದೃಷ್ಟಿನೇ ಆಗಿಲ್ಲ."

"ಇಲ್ಲ ಅಜ್ಜಿ."

"ಮತ್ಯಾಕವ್ವ," ಹಾಲಮ್ಮ ನಿಜವಾಗಿಯೂ ತಿಳಿಯದೆ ಕೇಳಿದಳು, "ಮತ್ಯಾಕೆ ನೀನು ಹಿಂಗೆ ಒಬ್ಬಾಕೀನೇ ಆಗಿದ್ದಿ?"

ಎಲ್ಲಿಂದ ಬಂತು ಎಂದು ಕೇಳಿದರೆ ಗಾಳಿಯ ಪ್ರತಿಯೊಂದು ಕಣಕ್ಕೂ ಸಿಂಚನಾಳ ಬಳಿ ಉತ್ತರವಿತ್ತು. ಅವಳು ಬಾಗಿಲ ಚೌಕಟ್ಟಿಗೆ ಒರಗಿ ಓಣಿಯತ್ತ ನೋಡಿದಳು. ಹೊರಗೆ ಓಣಿಯ ಫಲಕದಲ್ಲಿ 'ಇತರೆ: ಸೊನ್ನೆ' ಎಂಬ ಅಕ್ಷರ ಬೆಳಗುತ್ತಿತ್ತು. ಎದುರು ಬದುರು ಮನೆಗಳೆಲ್ಲ ಕಿಟಕಿ ಮುಚ್ಚಿಕೊಂಡಿದ್ದವು. ಅಷ್ಟು ಒಳ್ಳೆಯ ಗಾಳಿ ಆ ಓಣಿಯಲ್ಲಿ ಹಿಂದೆಂದೂ ಬೀಸಿರಲಿಲ್ಲ, ಅದನ್ನು ಕುಡಿಯಲು ಹೊರಗೆ ಒಬ್ಬರೂ ಇರಲಿಲ್ಲ.

ಹಾಲಮ್ಮ ಸೀದ ಪಾತ್ರೆಗೆ ನೀರು ಹಾಕಿಟ್ಟಳು. ಬೆನ್ನು ತಿರುಗಿಸಿಕೊಂಡೇ ಕೇಳಿದಳು:

"ಊಟ ಆತಾ?"

"ಇಲ್ಲ ಅಜ್ಜಿ," ಎಂದಳು ಸಿಂಚನಾ.

ಆ ಪ್ರಶ್ನೆಗೆ ಅವಳು ನಿಜ ಹೇಳಿದ್ದು ಅದೇ ಮೊದಲು. ಹಾಲಮ್ಮ ಇನ್ನೇನೂ ಕೇಳದೆ "ಕುಂದ್ರು" ಎಂದು ಮಣೆ ಸರಿಸಿದಳು. ಬಾಂಡಲಿ ಇಟ್ಟು ಎಣ್ಣೆ ಬಿಟ್ಟಳು. ಸಾಸಿವೆ ಸಿಡಿಯಿತು. ಒಣ ಮೆಣಸಿನಕಾಯಿ ಮುರಿದು ಹಾಕಿದಳು, ಅವು ಕೆಂಪಾಗಿ, ಕಂದಾಗಿ, ಕರ್ರಗಾಗುವವರೆಗೂ ಕೈಯಾಡಿಸುತ್ತಾ ನಿಂತಳು. ಸಿಂಚನಾಳಿಗೆ ಘಾಟು ನೆತ್ತಿಗೇರಿ ಕೆಮ್ಮು ಹತ್ತಿತು, ಕಣ್ಣು ಮೂಗಿನಲ್ಲೆಲ್ಲ ನೀರು. ಮುದುಕಿ ತಿರುಗಿ ನೋಡಿದಳು. ಆ ಕೆಮ್ಮನ್ನು ಕಿವಿಗೊಟ್ಟು ಕೇಳಿದಳು, ಇನ್ನೂ ಸ್ವಲ್ಪ ಹೊತ್ತು ಕೇಳಿದಳು. ಅವಳ ಮುಖ ಸಡಿಲವಾಯಿತು.

"ಬಂತು ನೋಡು ಘಾಟು," ಎಂದು ಮಂಡಕ್ಕಿ ಸುರಿದಳು.

ಹಾಲಮ್ಮನ ಮೂಗು ಸತ್ತದ್ದು ಯಾವ ದಿನ ಎಂದು ಯಾರಿಗೂ ಗೊತ್ತಿಲ್ಲ, ಅವಳಿಗೂ ಗೊತ್ತಾಗಲಿಲ್ಲ. ಆ ದಿನಗಳಲ್ಲಿ ಕಂಬಗಳು ಇರಲಿಲ್ಲ, ಧೂಳಿಗೆ ಹೆಸರಿರಲಿಲ್ಲ, ಎಲ್ಲರೂ ಎದುರಿನವರತ್ತ ಕೈ ತೋರಿಸುತ್ತಿದ್ದರು. ವರ್ಷ ಎಣಿಸಿ ನೋಡಿದರೆ ಅದು ಬಹಳ ಹಿಂದಿನ ಮಾತೇನೂ ಅಲ್ಲ. ನೀವು ಇದನ್ನು ಓದುತ್ತಿರುವ ಈ ದಿನಗಳದೇ ಮಾತು. ನಾವು ಸಂಜೆಗೆ ತಿನ್ನುವ ಮಂಡಕ್ಕಿಗಾಗಿ ಎಲ್ಲೋ ಒಂದು ಒಲೆಯ ಬಾಯಿಗೆ ಅವಳಂಥವಳು ಹೊಟ್ಟು ತಳ್ಳುತ್ತಿದ್ದಾಳೆ. ಸೆರಗಿನಿಂದ ಮುಖ ಒರೆಸಿಕೊಂಡು ಒಂದು ಸಲ ಗಟ್ಟಿಯಾಗಿ ಕೆಮ್ಮುತ್ತಾಳೆ. ಅವಳಿಗೆ ಇವತ್ತು ಇನ್ನೂ ಘಾಟು ಬರುತ್ತಿದೆ.